ಮೇಸ್ತ್ರಿಯ ಕಿವಿ

ಚಾಂಪಿಯನ್ ರೀಫ್ಸಿನ ವೆಲ್ಡಿಂಗ್ ಮೇಸ್ತ್ರಿ ಹೋಗಿಬಿಟ್ಟರು ಎಂಬ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ, ಅದೂ ಒಂದು ಎಮ್ಮೆಯ ಹಿಂದೆ ನಿಂತಿದ್ದಾಗ. ಎಮ್ಮೆಯ ಯಜಮಾನ ಅದರ ಬಾಲ ಹಿಡಿದುಕೊಂಡು, ಮಳೆ ಬೆಳೆ ಸುದ್ದಿಯ ನಡುವೆ ಅದನ್ನೂ ಹೇಳಿದ. ನನ್ನ ಕೈ ಮೊಣಕೈವರೆಗೂ ಎಮ್ಮೆಯ ಒಳಗಿತ್ತು. ಕೆಲಸ ಮುಗಿಸಿ, ಸೋಪು ಹಚ್ಚಿ ಕೈ ತೊಳೆದು, ಜೀಪಿನಲ್ಲಿ ಕೂತ ಮೇಲೆಯೇ ನನಗೆ ಅಳು ಬಂದದ್ದು. ಆ ಅಳುವಿನಲ್ಲಿ ಅವರಿಗಾಗಿ ಅತ್ತದ್ದೆಷ್ಟು, ನನ್ನ ಮೇಲಿನ ಸಿಟ್ಟಿಗೆ ಅತ್ತದ್ದೆಷ್ಟು ಎಂದು ಇವತ್ತಿಗೂ ಹೇಳಲಾರೆ.

ನಾನು ದನದ ಡಾಕ್ಟರು. ಮನೆ ಬಂಗಾರಪೇಟೆಯಲ್ಲಿ, ಕೆಲಸ ಬೇತಮಂಗಲದ ದನದ ಆಸ್ಪತ್ರೆಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ. ಕೊಟ್ಟಿಗೆಗಳಿಗೆ ಹೋಗುವ ದಾರಿಗಳು ದಾರಿಗಳೇ ಅಲ್ಲವಾದ್ದರಿಂದ ಹಳೆಯದೊಂದು ಫೋರ್ ವೀಲ್ ಜೀಪು ಕೊಂಡಿದ್ದೆ. ಅದು ಮಳೆಗಾಲದ ಕೆಸರಿನಲ್ಲಿ ಎರಡು ಸಲ ಹೂತುಕೊಂಡಿತು. ಎರಡು ಸಲವೂ ರೈತರು ಎತ್ತು ಕಟ್ಟಿ ಎಳೆದರು. ದನ ನೋಡಲು ಬಂದ ಡಾಕ್ಟ್ರಮ್ಮನನ್ನು ದನವೇ ನೋಡಿಕೊಳ್ಳಬೇಕಾಯಿತು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದಪ್ಪ ಟೈರು ಹಾಕಿಸಿದೆ. ಆಗ ಶುರುವಾಯಿತು ಸ್ಟೆಪ್ನಿಯ ತಕರಾರು. ದಪ್ಪ ಸ್ಟೆಪ್ನಿ ಹಳೆಯ ಜಾಗದಲ್ಲಿ ಕೂರಲಿಲ್ಲ. ಹಿಂಬಾಗಿಲಿಗೆ ತಗುಲಿಸಿದರೆ ಅದರ ಭಾರಕ್ಕೆ ಬಾಗಿಲ ಕೀಲು ಜಗ್ಗಿ, ಮುಚ್ಚಬೇಕಾದಾಗಲೆಲ್ಲ ಮೊಣಕಾಲು ಕೊಟ್ಟು ಎತ್ತಬೇಕಾಯಿತು. ಒಳಗೆ ಹಾಕಿದರೆ ನನ್ನ ಔಷಧಿ ಪೆಟ್ಟಿಗೆ, ಹಗ್ಗ, ಬಕೆಟ್ಟುಗಳಿಗೆ ಜಾಗವೇ ಇಲ್ಲ.

ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ರೆಡಿಮೇಡ್ ಸ್ಟೆಪ್ನಿ ಸ್ಟ್ಯಾಂಡು ಸಿಗುತ್ತಿತ್ತು. ಹಿಂದಿನ ಬಂಪರಿಗೆ ಕೂರಿಸುವ ಕಬ್ಬಿಣದ ತೋಳು. ಟೈರನ್ನು ಅದು ಹೊರುತ್ತದೆ, ಬೇಕಾದಾಗ ಗೇಟಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಕಪ್ಪು ಬಣ್ಣ ಬಳಿದುಕೊಂಡು ಥಳಥಳ ಹೊಳೆಯುತ್ತಿತ್ತು. ನಾನು ಹೆಚ್ಚೂಕಡಿಮೆ ಒಪ್ಪಿಯೇಬಿಟ್ಟಿದ್ದೆ. ನಮ್ಮ ಆಸ್ಪತ್ರೆಯ ಕಾಂಪೌಂಡರು, ಅದನ್ನು ಹಾಕಿಸುವ ಮೊದಲು ಒಂದು ಸಲ ಚಾಂಪಿಯನ್ ರೀಫ್ಸಿನ ಮೇಸ್ತ್ರಿಗೆ ತೋರಿಸಿ, ಆದರೆ ಆ ಮನುಷ್ಯನಿಗೆ ಬಹಳ ಕೊಬ್ಬು, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದರು. ಕೊಬ್ಬಿದ ಎಷ್ಟೋ ಹೋರಿಗಳನ್ನು ನೋಡಿದ್ದೇನೆ, ಇದೊಂದನ್ನು ನೋಡೋಣ ಎಂದು ಹೋದೆ.

ಚಿನ್ನದ ಗಣಿ ಕೆಲಸಗಾರರ ಹಳೆಯ ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು ಅವರದು. ಮುಂದೆ ತಗಡಿನ ಶೆಡ್ಡು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಭೂಮಿಯೊಳಗೆ ಇಳಿದು ಕೆಲಸ ಮಾಡಿದವರು. ಅಲ್ಲೇ ವೆಲ್ಡಿಂಗ್ ಕಲಿತು, ಗಣಿ ಮುಚ್ಚಿದ ಮೇಲೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದರು. ಸಣಕಲು ಆಳು, ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು. ಎರಡು ಮಾತಿಗೊಮ್ಮೆ ಕೆಮ್ಮು. ಶೆಡ್ಡಿನ ಬಾಗಿಲಲ್ಲಿ ಅವರ ಹೆಂಡತಿ ಮೊರ ಇಟ್ಟುಕೊಂಡು ರಾಗಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದರು. ನಾನು ನಮಸ್ಕಾರ ಎಂದರೆ ಆಕೆ ನಮಸ್ಕಾರ ಎಂದರು. ಈತ ಜೀಪಿಗೊಂದು ಸುತ್ತು ಬಂದು, ಹಿಂಬಾಗಿಲನ್ನು ಎತ್ತಿ ಇಳಿಸಿ, ನನ್ನ ಕಡೆ ತಿರುಗಿ, "ಬಾಗ್ಲಿರೋದು ತೆಗ್ಯಾಕೆ ಕಣಮ್ಮ, ಬಾರ ಒರಾಕಲ್ಲ" ಎಂದರು.

ನಾನು ಅಂಗಡಿಯ ಸ್ಟ್ಯಾಂಡಿನ ಫೋಟೋ ತೋರಿಸಿದೆ. ಅವರು ಅದರಲ್ಲಿ ಬೆಸುಗೆ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಇದು ಯಾವ ಕಡೆಗೆ ತೆರೆಯುತ್ತದೆ ಎಂದು ಕೇಳಿದರು. ಬಲಕ್ಕೆ ಎಂದೆ. ಗಾಡಿ ರಸ್ತೆಯ ಎಡಗಡೆ ನಿಲ್ಲಿಸುತ್ತೀರಿ, ತೋಳು ಬಲಕ್ಕೆ ತೆರೆದರೆ ರಸ್ತೆಯ ಮಧ್ಯಕ್ಕೆ ಚಾಚುತ್ತದೆ, ಬರುವ ಬಸ್ಸು ಟೈರನ್ನೂ ಒಯ್ಯುತ್ತದೆ, ನಿಮ್ಮನ್ನೂ ಒಯ್ಯುತ್ತದೆ ಎಂದರು. ಬೇರೆ ದೇಶದಲ್ಲಿ ಬಲಗಡೆ ಗಾಡಿ ಓಡಿಸುವವರು ಮಾಡಿಕೊಂಡ ಸಾಮಾನಿನ ನಕಲು ಅದು ಎಂಬುದು ಅಂಗಡಿಯವರಿಗೂ ಹೊಳೆದಿರಲಿಲ್ಲ, ಅಷ್ಟು ಓದಿದ ನನಗೂ ಹೊಳೆದಿರಲಿಲ್ಲ.

ಆಮೇಲಿನದು ಅರ್ಧ ಗಂಟೆಯ ನಾಟಕ. ಹಸು ಕರು ಹಾಕಲಾರದೆ ಒದ್ದಾಡುತ್ತಿರುವಾಗ ನೀವು ಗಾಡಿಯಿಂದ ಮೊದಲು ಏನು ತೆಗೆಯುತ್ತೀರಿ, ಯಾವ ಕೈಯಲ್ಲಿ, ಆಗ ಆ ಕೈ ಒದ್ದೆಯೋ ಒಣಗಿದೆಯೋ ಎಂದು ಕೇಳಿದರು. ಬಾಯಲ್ಲಿ ಹೇಳಿದ್ದು ಸಾಲದೆ, ಮಾಡಿ ತೋರಿಸಿ ಎಂದರು. ಹೆಂಡತಿಗೆ ಸ್ವಲ್ಪ ಹೊತ್ತು ಹಸುವಾಗಿ ನಿಲ್ಲಲು ಹೇಳಿದರು. ಆಕೆ ಮೊರದಿಂದ ತಲೆ ಎತ್ತದೆ, "ಇಷ್ಟ್ ವರ್ಸ ಇನ್ನೇನಾಗಿದ್ದೆ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿ ಮಾತ್ರ ಗಂಭೀರವಾಗಿ, ನಾನು ಕಲ್ಪನೆಯ ಹಸುವಿನಿಂದ ಜೀಪಿಗೆ, ಜೀಪಿನಿಂದ ಹಸುವಿಗೆ ಓಡಾಡಿದ್ದನ್ನೇ ನೋಡಿಕೊಂಡರು. ನನ್ನೆರಡು ಕೈಯೂ ಗಲೀಜಾಗಿರುತ್ತವೆ ಎಂದು ಅರ್ಥಮಾಡಿಕೊಂಡು, ತೋಳಿನ ಚಿಲಕಕ್ಕೆ ಒಂದು ಉದ್ದನೆಯ ಹಿಡಿ ಇಟ್ಟುಕೊಟ್ಟರು. ಮೊಣಕೈಯಿಂದ ಒತ್ತಿದರೆ ಸಾಕು, ತೋಳು ಟೈರಿನ ಸಮೇತ ಎಡಕ್ಕೆ ಸರಿದು, ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಬಂಪರು ಒಂದೇ ಅಷ್ಟು ಭಾರ ತಾಳದು ಎಂದು ಕೀಲಿನ ಬುಡವನ್ನು ಜೀಪಿನ ತಳದ ಚಾಸಿಗೆ ಸೇರಿಸಿ ಬೋಲ್ಟು ಹಾಕಿದರು. ಇಷ್ಟಕ್ಕೆ ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನದಲ್ಲಿ ನಾನು ಕಂಡ ವಿಚಿತ್ರವೆಂದರೆ ಇದು. ಒಂದೊಂದು ಬೆಸುಗೆ ಆದಾಗಲೂ ಅವರು ಅದು ಆರುವ ತನಕ ಕಾಯುತ್ತಿದ್ದರು. ಆಮೇಲೆ ಒಂದು ಸಣ್ಣ ಸುತ್ತಿಗೆಯಿಂದ ಮೂರು ಸಲ ತಟ್ಟುತ್ತಿದ್ದರು. ತಟ್ಟಿದವರು ಬೆಸುಗೆಯನ್ನು ನೋಡುತ್ತಿರಲಿಲ್ಲ, ಬಾಗಿಲಲ್ಲಿ ಕೂತ ಹೆಂಡತಿಯನ್ನು ನೋಡುತ್ತಿದ್ದರು. ಆಕೆ ತಲೆಯಾಡಿಸಿದರೆ ಮುಂದಿನ ಕೆಲಸ. ಕೀಲಿನ ಬುಡದ ಬೆಸುಗೆಗೆ ಆಕೆ ಬೇಡವೆಂದು ಕತ್ತು ಅಲುಗಿಸಿದರು. ನನ್ನ ಕಣ್ಣಿಗೆ ಅದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಮೇಸ್ತ್ರಿ ಗ್ರೈಂಡರು ಹಿಡಿದು ಅಷ್ಟನ್ನೂ ಉಜ್ಜಿ ತೆಗೆದು ಮೊದಲಿನಿಂದ ಮಾಡಿದರು. ಎರಡನೆಯ ಸಲವೂ ಆಕೆ ಒಪ್ಪಲಿಲ್ಲ. ಮತ್ತೆ ತೆಗೆದರು. ಮೂರನೆಯ ಸಲ ಒಪ್ಪಿಗೆಯಾಯಿತು.

ಹೆಂಡತಿಯ ಅಪ್ಪಣೆ ಇಲ್ಲದೆ ಇಲ್ಲಿ ವೆಲ್ಡಿಂಗೂ ನಡೆಯುವುದಿಲ್ಲವೇ ಎಂದು ನಾನು ತಮಾಷೆ ಮಾಡಿದೆ. ಆಕೆ ನಗಲಿಲ್ಲ. ತಾನು ಬೇತಮಂಗಲದ ಕಡೆಯ ಕುಂಬಾರರ ಮನೆಯ ಮಗಳು, ಸುಟ್ಟು ಆವಿಗೆಯಿಂದ ಇಳಿಸಿದ ಮಡಕೆಗಳನ್ನು ಗೆಣ್ಣಿನಿಂದ ತಟ್ಟಿ ಬಿರುಕು ಬಿಟ್ಟದ್ದನ್ನು ಬೇರೆ ಇಡುವುದು ಎಳೆಯ ವಯಸ್ಸಿನಿಂದ ತನ್ನ ಕೆಲಸವಾಗಿತ್ತು ಎಂದು ಹೇಳಿದರು. "ಚೆನ್ನಾಗಿರೋದು ಕಣಕಣ ಅಂತದೆ, ಕೆಟ್ಟಿರೋದು ಬದಬದ ಅಂತದೆ. ಮಣ್ಣಾದ್ರೇನು ಕಬ್ಣ ಆದ್ರೇನು ತಾಯಿ." ಗಂಡ ಹೆಂಡತಿಯ ಸರಸ ಇದು ಎಂದುಕೊಂಡೆ.

ಆಮೇಲೆ ಆ ಕಡೆ ಹೋದಾಗಲೆಲ್ಲ ಒಂದು ಗಳಿಗೆ ನಿಂತು ಬರುವುದು ನನಗೆ ರೂಢಿಯಾಯಿತು. ಆಕೆ ಕೊಡುತ್ತಿದ್ದ ಟೀ ವಿಪರೀತ ಸಿಹಿ. ಮೇಸ್ತ್ರಿ ತಾವೇ ಮಾತಾಡುತ್ತಿದ್ದರು, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಬೆಳೆಸಿ, ಬೈಗುಳ ಬಂದಾಗ ತಮಿಳಿಗೆ ದಾಟುತ್ತಿದ್ದರು. ಎದುರಿನವರ ಮಾತಿಗೆ ಬಿಡುವೇ ಕೊಡುತ್ತಿರಲಿಲ್ಲ. ಒಮ್ಮೆ ನಾನು, ಒಂದು ಹಸು ಅವಳಿ ಕರು ಹಾಕಿತು, ಎರಡೂ ಚೆನ್ನಾಗಿವೆ ಎಂದು ಸಂಭ್ರಮದಿಂದ ಹೇಳಿದರೆ, ಅಯ್ಯೋ ಪಾಪ, ಚರ್ಮವಾದರೂ ಮಾರಿದರೋ ಎಂದು ಕೇಳಿದರು. ನಾನು ಬಿದ್ದು ಬಿದ್ದು ನಕ್ಕೆ. ಈಗ ಅದನ್ನು ನೆನೆಸಿಕೊಂಡರೆ ನಗು ಬರುವುದಿಲ್ಲ.

ಇನ್ನೊಂದು ದಿನ ಅವರ ಪಕ್ಕದ ಮನೆಯ ಹಸುವಿಗೆ ಹೊಟ್ಟೆ ಉಬ್ಬರಿಸಿತ್ತು. ನಾನು ಅದರ ಎಡಗಡೆಯ ಪಕ್ಕೆಯ ಹಿಂದೆ ಬೆರಳಿನಿಂದ ತಟ್ಟಿ, ತಮಟೆಯ ಹಾಗೆ ಸದ್ದು ಬಂದದ್ದು ಕೇಳಿ, ಗಾಳಿ ತುಂಬಿದೆ ಎಂದೆ. ಮೇಸ್ತ್ರಿ ಬೇಲಿಯಾಚೆ ನಿಂತು ನೋಡುತ್ತಿದ್ದವರು ಮುಖ ಅರಳಿಸಿ, "ಓ, ನೀವೂ ತಟ್ಟೋ ಜಾತೀನೇನಮ್ಮ!" ಎಂದರು. ಗಣಿಯ ಒಳಗೆ ಕೆಲಸ ಹಿಡಿಯುವ ಮೊದಲು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುವ ಕತೆಯನ್ನು ಹೇಳಿದ್ದು ಅವತ್ತೇ. ಗಟ್ಟಿ ಕಲ್ಲು ಒಂದು ತರಹ ಕೂಗುತ್ತದೆ, ಸಡಿಲವಾದದ್ದು ಇನ್ನೊಂದು ತರಹ. "ಕಲ್ಲು ಮೊದ್ಲು ಮಾತಾಡ್ತದೆ, ಆಮೇಲೆ ಬೀಳ್ತದೆ. ಕೇಳಿಸ್ಕಂಡೋನು ಮನೆಗೆ ಬತ್ತಾನೆ." ಅವತ್ತಿನಿಂದ ನನ್ನ ಮೇಲೆ ಅವರಿಗೆ ಒಂದು ಬಗೆಯ ಗೌರವ. ಓದಿಗೆ ಕೊಟ್ಟ ಗೌರವ ಅಲ್ಲ, ಕಿವಿಗೆ ಕೊಟ್ಟದ್ದು.

ನಾಲ್ಕು ವರ್ಷ ಆ ಸ್ಟ್ಯಾಂಡು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಮೇಸ್ತ್ರಿಯ ಹೆಂಡತಿ ತೀರಿಕೊಂಡರು. ಜ್ವರ ಎಂದು ಮಲಗಿದವರು ಐದನೆಯ ದಿನಕ್ಕೆ ಇಲ್ಲ. ನಾನು ಹೋದಾಗ ಮೇಸ್ತ್ರಿ ಶೆಡ್ಡಿನಲ್ಲಿ ಗೋಡೆಗೊರಗಿ ಕೂತಿದ್ದರು. ಹೆಂಗಸರು ಗೋಳಾಡುತ್ತಿದ್ದರು, ಯಾರೋ ಅವರನ್ನು ಮಾತಾಡಿಸುತ್ತಿದ್ದರು, ಅವರು ನೆಲ ನೋಡುತ್ತಿದ್ದರು. ದುಃಖಕ್ಕೆ ಹೀಗಾಗಿದ್ದಾರೆ ಎಂದು ನಾನು ಪಕ್ಕದ ಮನೆಯಾಕೆಗೆ ಹೇಳಿದೆ. ಆಕೆ ನನ್ನನ್ನು ಆಶ್ಚರ್ಯದಿಂದ ನೋಡಿದಳು. ನಿಮಗೆ ಗೊತ್ತೇ ಇಲ್ಲವೇ ಡಾಕ್ಟ್ರಮ್ಮ, ಗಣಿಯ ಸಿಡಿಮದ್ದಿನ ಸದ್ದಿಗೆ ಅವರ ಕಿವಿ ಹೋಗಿ ಎಷ್ಟೋ ಕಾಲವಾಯಿತು, ತುಟಿ ನೋಡಿ ಅಂದಾಜಿನ ಮೇಲೆ ಮಾತಾಡುತ್ತಾರೆ, ಕೆಲಸ ಸಿಗದೆ ಹೋದೀತೆಂದು ಗಂಡ ಹೆಂಡತಿ ಇಬ್ಬರೂ ಮುಚ್ಚಿಟ್ಟುಕೊಂಡು ಬಂದರು ಎಂದಳು. ಕೊಬ್ಬು ಎಂದು ಊರು ಕರೆದದ್ದು ಕಿವುಡನ್ನು. ಬಾಗಿಲಲ್ಲಿ ಕಲ್ಲು ಆರಿಸುತ್ತಾ ಕೂತಿದ್ದದ್ದು ಆ ಮನುಷ್ಯನ ಕಿವಿ.

ಏಳು ತಿಂಗಳು ಶೆಡ್ಡು ಬೀಗ ಹಾಕಿಕೊಂಡೇ ಇತ್ತು. ಅಷ್ಟರಲ್ಲಿ ಬಂಗಾರಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾರಿ ಹಿಂದಕ್ಕೆ ಬಂದು ನನ್ನ ಜೀಪಿಗೆ ಗುದ್ದಿತು. ತೋಳು ಸೊಟ್ಟಗಾಗಿ ಕೀಲಿನ ಬುಡ ಕಿತ್ತುಬಂತು. ಬೇರೆ ಎಲ್ಲಾದರೂ ಸರಿಮಾಡಿಸಬಹುದಿತ್ತು. ಮೇಸ್ತ್ರಿಗೆ ಕೆಲಸ ಕೊಟ್ಟರೆ ಮನಸ್ಸು ಹಗುರವಾದೀತೆಂದು ನಾನೇ ಹಟ ಹಿಡಿದು ಅಲ್ಲಿಗೆ ಒಯ್ದೆ. ಅವರು ಒಲ್ಲೆ ಒಲ್ಲೆ ಎಂದು ಕೊನೆಗೆ ಬೀಗ ತೆಗೆದರು.

ಬೆಳಿಗ್ಗೆ ಶುರುವಾದ ಕೆಲಸ ಬಿಸಿಲು ನೆತ್ತಿಗೆ ಬಂದರೂ ಮುಗಿಯಲಿಲ್ಲ. ಕೈ ನಡುಗುತ್ತಿತ್ತು. ನಾಲ್ಕು ಬಾರಿ ಕೆಮ್ಮಿ ಕೂತರು. ಬನಿಯನ್ನು ಬೆವರಿಗೆ ತೊಪ್ಪೆಯಾಗಿತ್ತು. ಮೇಸ್ತ್ರಿ ಮತ್ತೆ ಕೆಲಸ ಹಿಡಿದರಂತೆ ಎಂದು ಲೈನಿನ ಜನ ಬಂದು ನೋಡಿ ಹೋದರು, ಪಕ್ಕದ ಮನೆಯಾಕೆ ಮಜ್ಜಿಗೆ ತಂದುಕೊಟ್ಟಳು. ಕೊನೆಗೆ ಬೆಸುಗೆ ಆಯಿತು. ಆರುವ ತನಕ ಕಾದರು. ಮೂರು ಸಲ ತಟ್ಟಿದರು. ಅವರ ಕಣ್ಣು ಹಳೆಯ ಅಭ್ಯಾಸದಂತೆ ಬಾಗಿಲಿಗೆ ಹೋಯಿತು. ಅಲ್ಲಿ ಬರಿಯ ಹೊಸ್ತಿಲಿತ್ತು. ಅವರು ಅಷ್ಟು ಹೊತ್ತು ಆ ಹೊಸ್ತಿಲನ್ನು ನೋಡಿದ್ದನ್ನು ನಾನು ನೋಡಬಾರದಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಎಂಗದೆ ಡಾಕ್ಟ್ರಮ್ಮ?" ಎಂದರು.

ನನಗೆ ಕೇಳಿಸಿತ್ತು. ಸಾವಿರಾರು ಹೊಟ್ಟೆ ತಟ್ಟಿದ ಕಿವಿ ನನ್ನದು. ಮೂರು ಪೆಟ್ಟಿನಲ್ಲಿ ಎರಡು ಬದಬದ ಎಂದಿದ್ದವು. ಆದರೆ ಅವರ ಮುಖ ನೋಡಿದೆ. ಮತ್ತೆ ಉಜ್ಜಿ ತೆಗೆಯಿರಿ ಎಂದು ಆ ನಡುಗುವ ಕೈಗಳಿಗೆ ಹೇಳುವುದು ಹೇಗೆ? ಹೇಗೂ ಸ್ವಲ್ಪ ದಿನ ತಡೆಯುತ್ತದೆ, ಬಂಗಾರಪೇಟೆಯಲ್ಲಿ ಸದ್ದಿಲ್ಲದೆ ಬೇರೆ ಮಾಡಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ತಲೆಯಾಡಿಸಿದೆ. ಚೆನ್ನಾಗಿದೆ ಮೇಸ್ತ್ರಿ ಎಂದೆ. ಏಳು ತಿಂಗಳಿನಿಂದ ಆ ಮುಖದಲ್ಲಿಲ್ಲದ ನಗು ಬಂತು. ಪುಣ್ಯದ ಕೆಲಸ ಮಾಡಿದವಳ ಹಾಗೆ ನಾನು ಬೀಗಿಕೊಂಡು ಮನೆಗೆ ಬಂದೆ.

ಬೇರೆ ಮಾಡಿಸುವುದು ಇವತ್ತಲ್ಲ ನಾಳೆ ಎಂದು ಮುಂದಕ್ಕೆ ಹೋಯಿತು. ಐದಾರು ವಾರದ ಮೇಲೆ, ಬೇತಮಂಗಲದ ಕೆರೆಯ ಏರಿ ಇಳಿಯುವಲ್ಲಿ ಜೀಪು ಒಂದು ಗುಂಡಿಗೆ ಬಿದ್ದೆದ್ದಿತು. ಹಿಂದೆ ಟಣಾರೆಂದು ಸದ್ದಾಯಿತು. ಕನ್ನಡಿಯಲ್ಲಿ ನೋಡುತ್ತೇನೆ, ತೋಳು ರಸ್ತೆಯ ಮೇಲೆ ಬಿದ್ದಿದೆ, ಟೈರು ಪುಟಿಯುತ್ತಾ ಇಳಿಜಾರಿನಲ್ಲಿ ಗದ್ದೆಯ ಕಡೆ ಓಡುತ್ತಿದೆ. ಗದ್ದೆಯ ಬದುವಿನ ಮೇಲೆ ಒಬ್ಬಾಕೆ ಹುಲ್ಲು ಕುಯ್ಯುತ್ತಾ ಬಗ್ಗಿದ್ದಳು. ಟೈರು ಅವಳ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಹಾದುಹೋಯಿತು. ನಾನು ಓಡಿಹೋಗಿ ಅವಳ ಕೈ ಹಿಡಿದುಕೊಂಡೆ. "ಟೈರ್‌ಗೆ ಕಣ್ಣಿಲ್ಲ ಸರಿ, ನಿಮ್ಗಾದ್ರೂ ಬ್ಯಾಡ್ವಾ?" ಎಂದಳು ಅವಳು. ಕಣ್ಣಿನ ತಪ್ಪಲ್ಲ ಎಂದು ಅವಳಿಗೆ ಹೇಗೆ ಹೇಳಲಿ.

ಮುರಿದ ತೋಳನ್ನು ಬಂಗಾರಪೇಟೆಯ ಅಂಗಡಿಯಲ್ಲಿ ಬಿಸಾಕಿ, ಎಡಕ್ಕೆ ತೆರೆಯುವ ಹಾಗೆ ಬೇರೆಯದನ್ನು ಮಾಡಿಸಿಕೊಂಡೆ. ಮೇಸ್ತ್ರಿಗೆ ಗೊತ್ತಾಗುವುದು ಬೇಡ ಎಂದು ಅಂಗಡಿಯವರಿಗೆ ಹೇಳಿದ್ದೆ. ಹೇಳಿದ್ದರಿಂದಲೇ ಇರಬೇಕು, ವಾರದೊಳಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಅವರು ಬಸ್ಸಿನಲ್ಲಿ ಬೇತಮಂಗಲಕ್ಕೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಆಡು ಕುರಿಗಳ ಸರದಿ ಮುಗಿಯುವ ತನಕ ಕಾದರು. ಆಮೇಲೆ ಒಳಗೆ ಬಂದು, ಟವಲಿನಲ್ಲಿ ಸುತ್ತಿಕೊಂಡಿದ್ದ ಮುರಿದ ಕೀಲನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದರು. ಅಂಗಡಿಗೆ ಹೋಗಿ ಕೇಳಿ ತಂದಿದ್ದರು. ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಬೆಸುಗೆ ಬರೀ ಮೇಲುಮೇಲೆ ಕೂತಿದೆ, ಒಳಕ್ಕೆ ಕಚ್ಚಿಲ್ಲ ಎಂದು ನನಗೆ ತೋರಿಸಿದರು. ಯಾರಿಗೂ ಏಟಾಗಲಿಲ್ಲವಷ್ಟೇ ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ನನ್ನ ತುಟಿಗಳನ್ನೇ ನೋಡುತ್ತಾ, "ಅವತ್ತು ತಟ್ಟಿದಾಗ ನಿಮ್ಗೆ ಕೇಳಿಸ್ತಾ ಡಾಕ್ಟ್ರಮ್ಮ?" ಎಂದರು.

ಬೇರೆಯವರ ಹತ್ತಿರವಾದರೆ ಸುಳ್ಳನ್ನು ಗೊಣಗಬಹುದು. ಕಿವುಡರಿಗೆ ಸುಳ್ಳು ಹೇಳಬೇಕಾದರೆ ಮುಖ ಕೊಟ್ಟು, ತುಟಿ ಬಿಡಿಸಿ ಹೇಳಬೇಕು. ನನ್ನಿಂದ ಆಗಲಿಲ್ಲ. ಕೇಳಿಸಿತು ಎಂದೆ. ನೀವು ಬಹಳ ದಣಿದಿದ್ದಿರಿ, ಪಾಪ ಅನ್ನಿಸಿತು ಎಂದೂ ಸೇರಿಸಿದೆ. ಸೇರಿಸದೆ ಇದ್ದರೆ ಚೆನ್ನಾಗಿತ್ತು.

ಅವರು ಸಿಟ್ಟು ಮಾಡಲಿಲ್ಲ. "ಏಳಿದ್ರೆ ತೆಗ್ದು ತಿರ್ಗಾ ಮಾಡ್ತಿದ್ದೆ. ಅಷ್ಟೇ ಅಲ್ವಾ" ಎಂದರು. ಸ್ವಲ್ಪ ಹೊತ್ತು ಕೆಮ್ಮಿದರು. "ನಮ್ಮೋಳು ಅಷ್ಟು ವರ್ಸ ಬಾಗ್ಲಾಗ್ ಕುಂತವ್ಳೆ. ಒಂದ್ ದಿನಾನೂ ಪಾಪ ಅನ್ಲಿಲ್ಲ. ಅದ್ಕೇ ನಾನು ಮೇಸ್ತ್ರಿ ಆಗಿದ್ದು."

ನಾಳೆಯೇ ಜೀಪು ತರುತ್ತೇನೆ, ಅಂಗಡಿಯದನ್ನು ಕಿತ್ತೆಸೆದು ನೀವೇ ಹೊಸದಾಗಿ ಮಾಡಿ, ನಾನು ಪಕ್ಕದಲ್ಲಿ ನಿಂತು ಕೇಳಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಹತ್ತು ಸಲ ತೆಗೆಸಬೇಕಾದರೂ ತೆಗೆಸುತ್ತೇನೆ ಎಂದು ಬೇಡಿಕೊಂಡೆ. ಅವರು ಕೀಲನ್ನು ಮತ್ತೆ ಟವಲಿನಲ್ಲಿ ಸುತ್ತುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದರು.

"ನೀವು ಚೆನ್ನಾಗಿ ಅದೆ ಅಂದ್ರೆ, ಚೆನ್ನಾಗಿರೋದು ಬೆಸ್ಗೇನಾ, ನಿಮ್ ಮನ್ಸಾ, ನಂಗೆಂಗ್ ಗೊತ್ತಾಯ್ತದೆ?"

ಅವರು ಊಟದ ಹೊತ್ತಾಯಿತು ನಿಮಗೆ ಎಂದು ಎದ್ದರು. ಬಸ್ ಸ್ಟಾಪಿನ ತನಕ ಜೊತೆಯಲ್ಲಿ ನಡೆದೆ. ದಾರಿಯಲ್ಲಿ ಈ ಸಲ ಕೆರೆಗೆ ನೀರು ಚೆನ್ನಾಗಿ ಬಂದಿದೆ ಎಂದರು, ನಾನು ಹೌದು ಎಂದೆ. ಅವರು ಕಂಬಿ ಹಿಡಿದು ನಿಧಾನವಾಗಿ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಆಮೇಲೆ ಅವರು ಶೆಡ್ಡಿನ ಬೀಗ ತೆಗೆಯಲಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದಳು. ನಾನು ಎರಡು ಸಲ ಆ ಲೈನಿನ ತಿರುವಿನವರೆಗೂ ಹೋಗಿ ಜೀಪು ತಿರುಗಿಸಿಕೊಂಡು ಬಂದೆ. ಅವರನ್ನು ನಾನು ಬಸ್ಸಿನಲ್ಲಿ ಕಂಡದ್ದೇ ಕೊನೆ.

ಅವತ್ತು ಬಸ್ಸು ಹೊರಟಾಗ ನನಗೆ, ತಪ್ಪಾಯಿತು ಎಂಬ ಒಂದು ಮಾತನ್ನು ಹೇಳಿಯೇ ಇಲ್ಲವೆಂದು ನೆನಪಾಯಿತು. ಬಸ್ಸಿನ ಪಕ್ಕದಲ್ಲಿ ಓಡಿದೆ. ತಪ್ಪಾಯಿತು ಮೇಸ್ತ್ರಿ ಎಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಕಿಟಕಿಗಳಲ್ಲಿದ್ದ ಜನವೆಲ್ಲ ತಿರುಗಿ ನೋಡಿದರು. ಅವರು ಮುಂದೆ ನೋಡುತ್ತಾ ಕೂತಿದ್ದರು.